ದಾರಿ ತಪ್ಪಿ ಬಂದದ್ದಲ್ಲ, ದಾರಿ ತಿಳಿದೇ ಬಂದದ್ದು: ಕಳಿಂಗ ಹಕ್ಕಿಯ ಬಗ್ಗೆ ಒಂದು ತಿದ್ದುಪಡಿ ಹಾಗೂ ಪಾಠ



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ಅಡಿಕೆ ಧಾರಣೆಯ ಪಟ್ಟಿಯ ಕೆಳಗೆ, ಹರಿಹರದ ತೋಟವೊಂದಕ್ಕೆ ಯೂರೋಪಿನ ಅಪರೂಪದ ಹಕ್ಕಿಯೊಂದು ಬಂದಿರುವುದಾಗಿ ನಾನು ಎಂಟು ಸಾಲಿನ ಸುದ್ದಿ ಬರೆದಿದ್ದೆನಷ್ಟೆ. ಆ ಸುದ್ದಿ ತಪ್ಪು. ಹಕ್ಕಿ ಬಂದದ್ದು ನಿಜ. ಆದರೆ ಅದು ನಾನು ಹೇಳಿದ ಹಕ್ಕಿಯಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ಬಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ರುಜು ಹಾಕುವುದು ನಮ್ಮ ಸಂಘದ ಪದ್ಧತಿ. ಈ ಲೇಖನವನ್ನು ಆ ಕೆಂಪು ಗೆರೆಯೆಂದೇ ಸದಸ್ಯರು ತಿಳಿಯಬೇಕು. ಹೇಗೂ ತಪ್ಪು ಮಾಡಿಯಾಗಿದೆ, ಅದರ ನೆಪದಲ್ಲಿ ನಾನು ಕಲಿತದ್ದನ್ನು ತಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಡೆದದ್ದು ಇಷ್ಟು. ಭದ್ರಾ ನಾಲೆಯ ಕೊನೇ ಭಾಗದಲ್ಲಿ, ಹರಿಹರದ ಹತ್ತಿರ ತೋಟ ಮಾಡಿರುವ ನಮ್ಮ ಸದಸ್ಯರೊಬ್ಬರು ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ಫೋನು ಮಾಡಿದರು. "ಸೆಕ್ರೆಟ್ರಿ ಸಾಹೇಬ್ರ, ಬೇಲಿ ಮ್ಯಾಲೆ ಒಂದು ಹಕ್ಕಿ ಕುಂತೈತಿ. ಕಳ್ಳ ಕಟ್ಕೊಂಡಂಗ ಕಣ್ಣಿಗೆ ಕಪ್ಪು ಪಟ್ಟಿ ಐತಿ. ಮಿಡತಿ ಹಿಡದು ಜಾಲಿ ಮುಳ್ಳಿಗೆ ಚುಚ್ಚಿ ಇಟ್ಟೈತಿ ನೋಡ್ರಿ" ಎಂದರು. ದಾವಣಗೆರೆಯಿಂದ ಹರಿಹರಕ್ಕೆ ಎಷ್ಟು ಹೊತ್ತಿನ ದಾರಿ! ದುರ್ಬೀನು ಹಿಡಿದು ಹೋದೆ. ಹಕ್ಕಿ ಅಲ್ಲೇ ಇತ್ತು. ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ಬೆನ್ನು ಕೆಂಪು ಮಿಶ್ರಿತ ಕಂದು, ಎದೆಯ ಪಕ್ಕದಲ್ಲಿ ಮೀನಿನ ಹುರುಪೆಯಂತೆ ಸಣ್ಣ ಸಣ್ಣ ಗೆರೆ. ಮನೆಗೆ ಬಂದು ಪುಸ್ತಕ ತೆಗೆದೆ. ಚಿತ್ರದಲ್ಲಿದ್ದ ಕೆಂಬೆನ್ನಿನ ಕಳಿಂಗದ ಹೆಣ್ಣಿಗೂ ನಾನು ಕಂಡದ್ದಕ್ಕೂ ಹೊಂದಿಕೆಯಾಯಿತು. ಹೊಂದಿಕೆಯಾಗಲಿ ಎಂಬ ಆಸೆಯೂ ನನಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಸುದ್ದಿ ಬರೆದು ಅಚ್ಚಿಗೆ ಕೊಟ್ಟೆ.

ಪತ್ರಿಕೆ ಹೊರಬಿದ್ದ ವಾರದೊಳಗೆ ಸದಸ್ಯರೊಬ್ಬರ ಮಗಳು, ದಾವಣಗೆರೆಯಲ್ಲಿ ಕಾಲೇಜು ಓದುತ್ತಿರುವ ಹುಡುಗಿ, ಕಚೇರಿಗೆ ಬಂದಳು. ಆಕೆ ಅದೇ ಬೇಲಿಗೆ ಹೋಗಿ ಕ್ಯಾಮರಾದಲ್ಲಿ ಹತ್ತಾರು ಚಿತ್ರ ತೆಗೆದಿದ್ದಳು. "ಸರ್, ತಪ್ಪು ತಿಳೀಬ್ಯಾಡ್ರಿ, ನೀವು ರೆಕ್ಕಿ ನೋಡಿದ್ರೇನು?" ಎಂದು ಕೇಳಿದಳು. ನಾನು ರೆಕ್ಕೆ ನೋಡಿರಲಿಲ್ಲ. ಬಣ್ಣ ನೋಡಿದ್ದೆ.

ಕಳಿಂಗ ಎಂದರೆ

ಇಂಗ್ಲಿಷಿನಲ್ಲಿ ಷ್ರೈಕ್ ಎನ್ನುವ ಹಕ್ಕಿಗಳಿಗೆ ಕನ್ನಡದಲ್ಲಿ ಕಳಿಂಗ, ಕೀಚುಗ, ಕಟುಕ ಹಕ್ಕಿ ಎಂದೆಲ್ಲ ಹೆಸರುಂಟು. ಇವುಗಳ ಕುಲಕ್ಕೆ ಶಾಸ್ತ್ರಜ್ಞರು ಇಟ್ಟ ಲೇನಿಯಸ್ ಎಂಬ ಲ್ಯಾಟಿನ್ ಹೆಸರಿಗೂ ಕಟುಕ ಎಂದೇ ಅರ್ಥ. ಗಿಡುಗನಂತೆ ಬಾಗಿದ ಕೊಕ್ಕು ಇದೆ, ಆದರೆ ಗಿಡುಗನಿಗಿರುವ ಬಲವಾದ ಪಂಜ ಇಲ್ಲ. ಆದುದರಿಂದ ಹಿಡಿದ ಮಿಡತೆ, ಓತಿಕ್ಯಾತ, ಇಲಿಮರಿಗಳನ್ನು ಕಾಲಲ್ಲಿ ಅದುಮಿ ಸೀಳುವುದು ಕಷ್ಟ. ಜಾಲಿಯ ಮುಳ್ಳಿಗೋ ತಂತಿಬೇಲಿಯ ಮೊನೆಗೋ ಸಿಕ್ಕಿಸಿ, ಎಳೆದು ಹರಿದು ತಿನ್ನುತ್ತವೆ. ಮಿಕ್ಕದ್ದು ಅಲ್ಲಿಯೇ ಉಗ್ರಾಣದಂತೆ ಇರುತ್ತದೆ. ಅಮೆರಿಕದ ಕಳಿಂಗವೊಂದು ವಿಷವುಳ್ಳ ಒಂದು ಜಾತಿಯ ಮಿಡತೆಯನ್ನು ಮುಳ್ಳಿಗೆ ಚುಚ್ಚಿ, ಒಂದೆರಡು ದಿನ ಬಿಟ್ಟು, ವಿಷ ಇಳಿದ ಮೇಲೆ ತಿನ್ನುತ್ತದೆಂದು 1990ರ ದಶಕದ ಆರಂಭದಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಕೊಯ್ದ ಅಡಿಕೆಯನ್ನು ಬೇಯಿಸಿ, ಒಣಗಿಸಿ, ಹದ ಬರುವವರೆಗೆ ಕಾಯುವ ನಮಗೆ ಆ ಹಕ್ಕಿಯ ತಾಳ್ಮೆ ಅರ್ಥವಾಗುವಂಥದೇ.

ನಮ್ಮ ಕಡೆ ವರ್ಷವಿಡೀ ಕಾಣುವ ಕಳಿಂಗಗಳು ಮುಖ್ಯವಾಗಿ ಮೂರು. ಉದ್ದಬಾಲದ ಕಳಿಂಗ, ಸುಮಾರು 25 ಸೆಂಟಿಮೀಟರು ಉದ್ದ, ಬೂದು ತಲೆ, ತುಕ್ಕಿನ ಬಣ್ಣದ ಸೊಂಟ. ಅಷ್ಟೇ ದೊಡ್ಡದಾದ, ಮೈಯೆಲ್ಲ ಬೂದು ಬಿಳುಪಿನ ದೊಡ್ಡ ಬೂದು ಕಳಿಂಗ ಒಣ ಬಯಲಿನದು. ಮೂರನೆಯದು ಇವೆಲ್ಲಕ್ಕಿಂತ ಚಿಕ್ಕದು, 17-18 ಸೆಂಟಿಮೀಟರು. ಇಂಗ್ಲಿಷಿನಲ್ಲಿ ಬೇ-ಬ್ಯಾಕ್ಡ್ ಷ್ರೈಕ್ ಎನ್ನುವ ಇದನ್ನು ಅನುಕೂಲಕ್ಕಾಗಿ ಈ ಲೇಖನದಲ್ಲಿ ಕಿರುಕಳಿಂಗ ಎಂದು ಕರೆಯುತ್ತೇನೆ. ದಾವಣಗೆರೆ ಸುತ್ತಿನ ಮೆಕ್ಕೆಜೋಳದ ಹೊಲಗಳ ಬದು, ಕೊಂಡಜ್ಜಿ ಗುಡ್ಡದ ಕುರುಚಲು, ಜಗಳೂರಿನ ಜಾಲಿ ಬಯಲು ಇಂಥ ಕಡೆಗೆ ಹೇಳಿ ಮಾಡಿಸಿದ ಹಕ್ಕಿ.

ನಾಲ್ಕನೆಯದು ಕಂದು ಕಳಿಂಗ. ಇದು ನಮ್ಮದಲ್ಲ, ಆದರೆ ನಮ್ಮದೇ ಎಂದು ತಿಳಿದು ಬರುತ್ತದೆ. ಸೈಬೀರಿಯ, ಮಂಗೋಲಿಯ, ಉತ್ತರ ಚೀನದ ಕಡೆ ಗೂಡು ಕಟ್ಟಿ ಮರಿ ಮಾಡುವುದು. ಚಳಿಗಾಲ ಕಳೆಯಲು ಭಾರತ, ಶ್ರೀಲಂಕಾ, ಮಲಯ ಮುಂತಾದೆಡೆಗೆ ಬರುವುದು. ಕಾಫಿ ತೋಟದ ಸದಸ್ಯರಿಗೆ ಇದರ ಪರಿಚಯ ಬೇಡ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತೋಟದ ಅಂಚಿನಲ್ಲಿ ಚರಚರ ಎಂದು ಕರ್ಕಶವಾಗಿ ಬೈಯುವ ದನಿ ಕೇಳುತ್ತದಲ್ಲ, ಅದೇ. ಬಂದ ಕೂಡಲೇ ತನ್ನ ಗಡಿ ಗೊತ್ತುಮಾಡಿಕೊಂಡು ಇತರ ಕಂದು ಕಳಿಂಗಗಳನ್ನು ಓಡಿಸುತ್ತದೆ. ಗಡಿ ಇತ್ಯರ್ಥವಾದ ಮೇಲೆ ಸುಮ್ಮನಾಗುತ್ತದೆ. ನಮ್ಮ ಸರ್ವೆ ತಕರಾರುಗಳಷ್ಟು ಕಾಲ ಎಳೆಯುವುದಿಲ್ಲ. ಏಪ್ರಿಲ್ ಹೊತ್ತಿಗೆ ಹೊರಟುಹೋಗುತ್ತದೆ. ಬಳೆ ತೊಡಿಸಿ ಬಿಟ್ಟ ಕಂದು ಕಳಿಂಗಗಳು ಮರುವರ್ಷವೂ ಅದೇ ಜಾಗಕ್ಕೆ ಬಂದು ಸಿಕ್ಕಿದ್ದುಂಟು. ಸುಮಾರು ಮೂವತ್ತು ಗ್ರಾಂ ತೂಕದ ಪ್ರಾಣಿ, ಹಿಮಾಲಯದ ಆಚೆಯಿಂದ ಬಂದು ಅದೇ ಹಾಲವಾಣದ ಕೊಂಬೆ ಹುಡುಕುತ್ತದೆ!

ಇದರ ಶಾಸ್ತ್ರೀಯ ಹೆಸರು ಲೇನಿಯಸ್ ಕ್ರಿಸ್ಟೇಟಸ್. ಕ್ರಿಸ್ಟೇಟಸ್ ಎಂದರೆ ಜುಟ್ಟುಳ್ಳದ್ದು. ಆದರೆ ಹಕ್ಕಿಗೆ ಜುಟ್ಟೇ ಇಲ್ಲ. 1758ರಲ್ಲಿ ಲಿನೇಯಸ್ ಮಹಾಶಯನು ಬಂಗಾಳದಿಂದ ಹೋದ ಹಕ್ಕಿಯ ಚಿತ್ರ ಹಾಗೂ ವರ್ಣನೆಯನ್ನು ಆಧರಿಸಿ ಹೆಸರಿಟ್ಟ. ಅಂಥವನೂ ಜುಟ್ಟಿಲ್ಲದ ಹಕ್ಕಿಗೆ ಜುಟ್ಟು ಕಟ್ಟಿದ್ದು ನನ್ನ ಪಾಲಿಗೆ ಸ್ವಲ್ಪ ಸಮಾಧಾನದ ಸಂಗತಿ.

ಸದಸ್ಯತ್ವದ ರಿಜಿಸ್ಟರು

ಇನ್ನು "ಅಪರೂಪದ ಅತಿಥಿ" ಎಂಬ ಮಾತಿಗೆ ಬರೋಣ. ಹಕ್ಕಿಗಳ ಪಟ್ಟಿ ಮಾಡುವವರು ಪ್ರತಿ ಹಕ್ಕಿಗೂ ಆಯಾ ಪ್ರದೇಶದಲ್ಲಿ ಒಂದು ದರ್ಜೆ ಕೊಡುತ್ತಾರೆ. ಸಂಘದ ರಿಜಿಸ್ಟರು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ವರ್ಷವಿಡೀ ಇರುವ ಹಕ್ಕಿ ನಿವಾಸಿ, ಅಂದರೆ ಷೇರು ಹಿಡಿದ ಪೂರ್ಣ ಸದಸ್ಯ, ಕಿರುಕಳಿಂಗ ಇಂಥದು. ಪ್ರತಿ ಚಳಿಗಾಲಕ್ಕೂ ತಪ್ಪದೆ ಬಂದು ಹೋಗುವುದು ವಲಸೆ ಹಕ್ಕಿ, ಕಂದು ಕಳಿಂಗದ ಹಾಗೆ. ಸುಗ್ಗಿಗೆ ಮಾತ್ರ ಮುಖ ತೋರಿಸುವ ಸದಸ್ಯರಿಲ್ಲವೇ, ಹಾಗೆ. ಆದರೆ ಅವರ ಹೆಸರೂ ರಿಜಿಸ್ಟರಿನಲ್ಲಿದೆ. ಮೂರನೆಯದು ದಾರಿಹೋಕ. ಎಲ್ಲಿಂದಲೋ ಎಲ್ಲಿಗೋ ಹೋಗುವಾಗ ನಡುವೆ ಕೆಲವು ದಿನ ಇಳಿದುಕೊಳ್ಳುವ ಹಕ್ಕಿ. ಪುಣೆ-ಬೆಂಗಳೂರು ರಸ್ತೆಯ ಲಾರಿಗಳು ಹರಿಹರದ ಹೊರಗೆ ಚಹಾಕ್ಕೆ ನಿಲ್ಲುವುದಿಲ್ಲವೇ? ಅವು ಹರಿಹರದ ಲಾರಿಗಳಲ್ಲ, ಆದರೆ ಅಲ್ಲಿ ನಿಲ್ಲುವುದು ಅವುಗಳ ದಾರಿಯ ಲೆಕ್ಕದಲ್ಲೇ ಇದೆ.

ನಾಲ್ಕನೆಯದೇ ಅಲೆಮಾರಿ, ಅಂದರೆ ದಾರಿ ತಪ್ಪಿ ಬಂದದ್ದು. ಅದರ ಗೂಡಿನ ನಾಡು ಬೇರೆ, ಚಳಿಗಾಲದ ನಾಡು ಬೇರೆ, ನಡುವಿನ ದಾರಿಯೂ ಬೇರೆ. ಈ ಮೂರರಲ್ಲಿ ಒಂದೂ ಅಲ್ಲದ ಜಾಗದಲ್ಲಿ ಅದು ಕಂಡರೆ ಆ ಜಾಗಕ್ಕೆ ಅದು ಅಲೆಮಾರಿ. ಇಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಅಪರೂಪ ಎಂಬುದು ಹಕ್ಕಿಯ ಗುಣವಲ್ಲ, ಹಕ್ಕಿಗೂ ಜಾಗಕ್ಕೂ ತಿಂಗಳಿಗೂ ಇರುವ ಸಂಬಂಧ. ಒಂದೇ ಹಕ್ಕಿ ಒಂದು ಕಡೆ ಬೀದಿಬೀದಿಗೂ ಕಾಣಬಹುದು, ಇನ್ನೊಂದು ಕಡೆ ತಲೆಮಾರಿಗೊಮ್ಮೆ ಬರಬಹುದು. ಈ ಮಾತಿಗೆ ಕೆಂಬೆನ್ನಿನ ಕಳಿಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕೆಂಬೆನ್ನಿನ ಕಳಿಂಗದ ದಾರಿ

ಲೇನಿಯಸ್ ಕೊಲ್ಲೂರಿಯೊ ಎಂಬ ಈ ಹಕ್ಕಿ ಯೂರೋಪಿನಿಂದ ಪಶ್ಚಿಮ ಸೈಬೀರಿಯದವರೆಗೆ ಬೇಸಿಗೆಯಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲಕ್ಕೆ ಹೋಗುವುದು ಭಾರತಕ್ಕಲ್ಲ, ಪೂರ್ವ ಮತ್ತು ದಕ್ಷಿಣ ಆಫ್ರಿಕಕ್ಕೆ. ಯೂರೋಪಿನ ಪಶ್ಚಿಮದಿಂದ ಹೊರಟದ್ದಾಗಲಿ, ಸೈಬೀರಿಯದ ಅಂಚಿನಿಂದ ಹೊರಟದ್ದಾಗಲಿ, ಎಲ್ಲವೂ ಆಫ್ರಿಕವನ್ನೇ ಸೇರುತ್ತವೆ. ಡೆನ್ಮಾರ್ಕ್, ಸ್ವೀಡನ್ ದೇಶಗಳ ಹಕ್ಕಿಗಳ ಬೆನ್ನಿಗೆ ಒಂದು ಗ್ರಾಮಿನಷ್ಟು ಹಗುರವಾದ ಬೆಳಕು ಅಳೆಯುವ ಯಂತ್ರ ಕಟ್ಟಿ ನೋಡಿದಾಗ ತಿಳಿದದ್ದು ಏನೆಂದರೆ, ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಹೋಗುವಾಗ ಮೆಡಿಟರೇನಿಯನ್ ಸಮುದ್ರವನ್ನೂ ಸಹಾರಾ ಮರುಭೂಮಿಯನ್ನೂ ದಾಟಿ ದಕ್ಷಿಣಕ್ಕೆ ಇಳಿಯುತ್ತವೆ. ಬರುವಾಗ ಪೂರ್ವ ಆಫ್ರಿಕದ ಕೊಂಬು ಮತ್ತು ಅರೇಬಿಯದ ಮೇಲೆ ಸುತ್ತು ಹಾಕಿ ಬರುತ್ತವೆ. 2011ರಲ್ಲಿ ಪೂರ್ವ ಆಫ್ರಿಕದಲ್ಲಿ ಭೀಕರ ಬರ ಬಿತ್ತು. ಹುಳುಹುಪ್ಪಟೆ ಸಿಗದೆ ಈ ಹಕ್ಕಿಗಳು ಮೈಯಲ್ಲಿ ಕೊಬ್ಬು ತುಂಬಿಕೊಳ್ಳಲು ಹೆಚ್ಚು ದಿನ ತೆಗೆದುಕೊಂಡವು. ಆ ವಸಂತದಲ್ಲಿ ಯೂರೋಪಿಗೆ ತಡವಾಗಿ ತಲುಪಿದವು. ಸೊಮಾಲಿಯದ ಬರ ಡೆನ್ಮಾರ್ಕಿನ ಬೇಲಿಯ ಮೇಲೆ ಕಂಡಿತು.

ಪೂರ್ವದ ಅಂಚಿನ ಹಕ್ಕಿಗಳು, ಅಂದರೆ ಮಧ್ಯ ಏಷ್ಯ ಹಾಗೂ ಪಶ್ಚಿಮ ಸೈಬೀರಿಯದವು, ಆಫ್ರಿಕಕ್ಕೆ ಹೋಗುವಾಗ ನೈಋತ್ಯಕ್ಕೆ ಓರೆಯಾಗಿ ಹಾರಬೇಕು. ಆ ಓರೆ ದಾರಿ ಪಾಕಿಸ್ತಾನವನ್ನೂ ನಮ್ಮ ದೇಶದ ವಾಯವ್ಯ ಮೂಲೆಯನ್ನೂ ಸವರಿಕೊಂಡು ಹೋಗುತ್ತದೆ. ಆದುದರಿಂದ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಗುಜರಾತಿನ ಕಛ್ ಪ್ರದೇಶದಲ್ಲಿ ಕೆಂಬೆನ್ನಿನ ಕಳಿಂಗ ನಿಶ್ಚಿತ ದಾರಿಹೋಕ. ಮಳೆ ನಿಂತು ಹುಲ್ಲು ಬೆಳೆದು, ಮಿಡತೆ ತುಂಬಿರುವ ಕಾಲವದು. ನಖತ್ರಾಣದ ಸುತ್ತ ಸೆಪ್ಟೆಂಬರಿನಲ್ಲಿ ಇದನ್ನೂ, ಇದರೊಡನೆ ಆಫ್ರಿಕದ ಹಾದಿ ಹಿಡಿದ ಯೂರೋಪಿನ ನೀಲಕಂಠ ಮುಂತಾದವನ್ನೂ ನೋಡಲೆಂದೇ ದೇಶದ ನಾನಾ ಕಡೆಯಿಂದ ಪಕ್ಷಿಪ್ರಿಯರು ಹೋಗುತ್ತಾರೆ. ಆದರೆ ವಸಂತದಲ್ಲಿ ಮರಳುವಾಗ ಅವು ಅರೇಬಿಯದ ಕಡೆಯಿಂದಲೇ ಹೋಗುವುದರಿಂದ ಭಾರತವನ್ನು ಮುಟ್ಟುವುದು ತೀರ ಕಡಿಮೆ.

ಕಛ್‌ನಿಂದ ಹರಿಹರಕ್ಕೆ ಕಾಗೆ ಹಾರಿದಷ್ಟು ನೇರವಾಗಿ ಲೆಕ್ಕ ಹಾಕಿದರೂ ಸುಮಾರು 1,200 ಕಿಲೋಮೀಟರು. ಅದೂ ಅವು ಹೋಗಬೇಕಾದ ದಿಕ್ಕಿಗಲ್ಲ. ಅವು ಪಶ್ಚಿಮಕ್ಕೆ ತಿರುಗಬೇಕು. ಹರಿಹರ ಇರುವುದು ಆಗ್ನೇಯಕ್ಕೆ. ಆದುದರಿಂದ ದಕ್ಷಿಣ ಭಾರತದಲ್ಲಿ ಕೆಂಬೆನ್ನಿನ ಕಳಿಂಗ ದಾರಿಹೋಕನೂ ಅಲ್ಲ, ಶುದ್ಧ ಅಲೆಮಾರಿ. ಕಛ್‌ನಲ್ಲಿ ಸೆಪ್ಟೆಂಬರಿನಲ್ಲಿ "ಕಂಡೆ" ಎಂದರೆ ಯಾರೂ ತಲೆ ಎತ್ತುವುದಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಹರಿಹರದಲ್ಲಿ "ಕಂಡೆ" ಎಂದರೆ "ವೋಚರ್ ತೋರಿಸಿ" ಎನ್ನುತ್ತಾರೆ. ಹಾಗೆ ಕೇಳುವುದು ನ್ಯಾಯವೇ.

ಹಕ್ಕಿಗಳು ಯಾಕೆ ದಾರಿ ತಪ್ಪುತ್ತವೆ? ಕಳಿಂಗಗಳು ರಾತ್ರಿ ಹೊತ್ತು, ಒಂಟಿಯಾಗಿ ಪಯಣಿಸುತ್ತವೆ. ಅದೇ ವರ್ಷ ಹುಟ್ಟಿದ ಮರಿಗೆ ದಾರಿ ತೋರಿಸಲು ತಾಯಿತಂದೆ ಇಲ್ಲ. ಯಾವ ದಿಕ್ಕಿಗೆ, ಎಷ್ಟು ದಿನ ಹಾರಬೇಕೆಂಬುದು ಹುಟ್ಟಿನಿಂದಲೇ ರಕ್ತದಲ್ಲಿ ಬಂದಿರುತ್ತದೆ. ಇದಕ್ಕೆ ಹಾಲೆಂಡಿನ ಪರ್ಡೆಕ್ ಎಂಬ ವಿಜ್ಞಾನಿಯ ಪ್ರಯೋಗ ಪ್ರಸಿದ್ಧವಾದುದು. ಆತ 1958ರಲ್ಲಿ ಪ್ರಕಟಿಸಿದಂತೆ, ವಲಸೆಯ ನಡುವೆ ಹಾಲೆಂಡಿನಲ್ಲಿ ಹಿಡಿದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್ ಹಕ್ಕಿಗಳಿಗೆ ಬಳೆ ತೊಡಿಸಿ, ವಿಮಾನದಲ್ಲಿ ಒಯ್ದು ಸ್ವಿಟ್ಜರ್ಲೆಂಡಿನಲ್ಲಿ ಬಿಡಲಾಯಿತು. ಹಿಂದೊಮ್ಮೆ ದಾರಿ ನಡೆದಿದ್ದ ದೊಡ್ಡ ಹಕ್ಕಿಗಳು ದಿಕ್ಕು ತಿದ್ದಿಕೊಂಡು ತಮ್ಮ ಮಾಮೂಲು ಚಳಿಗಾಲದ ನಾಡಿನ ಕಡೆಗೆ ಹೊರಟವು. ಮರಿಗಳು ಮಾತ್ರ, ಹಾಲೆಂಡಿನಿಂದ ಹಾರಬೇಕಿದ್ದ ದಿಕ್ಕಿನಲ್ಲೇ ಹಾರಿ, ಫ್ರಾನ್ಸಿನ ದಕ್ಷಿಣಕ್ಕೂ ಸ್ಪೇನಿಗೂ ಹೋಗಿ ಸೇರಿದವು. ಲೆಕ್ಕ ಸರಿ, ಹೊರಟ ಜಾಗ ತಪ್ಪು. ಗಾಳಿ ಪಕ್ಕಕ್ಕೆ ತಳ್ಳಿದರೂ ಹೀಗೇ ಆಗುತ್ತದೆ. ಕೆಲವೊಮ್ಮೆ ರಕ್ತದಲ್ಲಿ ಬಂದ ದಿಕ್ಕೇ ತಪ್ಪಾಗಿರುವುದೂ ಉಂಟು. ಎಲ್ಲ ದೇಶಗಳಲ್ಲೂ ಅಲೆಮಾರಿಗಳಾಗಿ ಕಾಣುವ ಹಕ್ಕಿಗಳಲ್ಲಿ ಮೊದಲ ವರ್ಷದ ಮರಿಗಳೇ ಹೆಚ್ಚು. ಇದನ್ನು ನಾನು ಮೊದಲೇ ಓದಿದ್ದೆ; ಬೇಲಿಯ ಮೇಲೆ ಕೂತದ್ದು ಮರಿ ಎಂದು ತಿಳಿದಾಗ ಇನ್ನಷ್ಟು ಧೈರ್ಯ ಬಂದದ್ದು ಆ ಕಾರಣಕ್ಕೇ. ಅರ್ಧ ಓದು ಹೀಗೆ ಕೆಲಸ ಕೆಡಿಸುತ್ತದೆ.

ರೆಕ್ಕೆಯ ಲೆಕ್ಕ

ಗಂಡು ಕೆಂಬೆನ್ನಿನ ಕಳಿಂಗ ಗುರುತಿಸಲು ಕಷ್ಟವಿಲ್ಲ: ಬೂದು ನೆತ್ತಿ, ಕಣ್ಣಿಗೆ ಕಪ್ಪು ಪಟ್ಟಿ, ಗಾಢ ಕೆಂಗಂದು ಬೆನ್ನು, ನಸುಗುಲಾಬಿ ಎದೆ, ಬುಡದ ಎರಡು ಪಕ್ಕ ಬಿಳುಪಿರುವ ಕಪ್ಪು ಬಾಲ. ಆದರೆ ಇದನ್ನು ಓದಿದ ಕೂಡಲೇ ನಮ್ಮ ಸದಸ್ಯರಲ್ಲಿ ಕೆಲವರು "ಇಂಥದು ನಮ್ಮ ಹೊಲದಲ್ಲಿ ದಿನಾ ಕೂರುತ್ತದಲ್ಲ" ಎನ್ನುತ್ತಾರೆಂದು ನನಗೆ ಗೊತ್ತು. ಅದು ಕಿರುಕಳಿಂಗ. ಅದಕ್ಕೂ ಬೂದು ನೆತ್ತಿ, ಕೆಂಗಂದು ಬೆನ್ನು, ಕಪ್ಪು ಪಟ್ಟಿ ಇವೆ. ಆದರೆ ಅದರ ಕಪ್ಪು ಪಟ್ಟಿ ಹಣೆಯ ಮೇಲೂ ಅಗಲವಾಗಿ ಹರಡಿರುತ್ತದೆ, ಹಾರುವಾಗ ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ ಮಿಂಚುತ್ತದೆ, ಸೊಂಟ ಬಿಳಿಚಿಕೊಂಡಿರುತ್ತದೆ. ಕೆಂಬೆನ್ನಿನದಕ್ಕೆ ಹಣೆಯ ಅಗಲ ಪಟ್ಟಿಯೂ ಇಲ್ಲ, ಆ ದೊಡ್ಡ ಮಚ್ಚೆಯೂ ಇಲ್ಲ. ದಾವಣಗೆರೆ ಸುತ್ತ ಇಂಥ ಹಕ್ಕಿ ಕಂಡರೆ ಮೊದಲು ಕಿರುಕಳಿಂಗ ಎಂದೇ ಭಾವಿಸಿ, ಅದಲ್ಲವೆಂದು ರುಜುವಾತಾದ ಮೇಲೆ ಮಾತ್ರ ಮುಂದಕ್ಕೆ ಹೋಗತಕ್ಕದ್ದು.

ಕಷ್ಟವಿರುವುದು ಹೆಣ್ಣು ಮತ್ತು ಮರಿಗಳಲ್ಲಿ. ಕೆಂಬೆನ್ನಿನ ಕಳಿಂಗದ ಮರಿಯೂ ಕಂದು, ಕಂದು ಕಳಿಂಗದ ಮರಿಯೂ ಕಂದು. ಎರಡಕ್ಕೂ ಪಕ್ಕೆಯಲ್ಲಿ ಹುರುಪೆ ಗೆರೆ. ಎರಡೂ ಬರುವುದು ಸೆಪ್ಟೆಂಬರಿನಲ್ಲೇ. ಹಿಂದಿನ ಕೆಲವು ಪಂಡಿತರು ಇವೆರಡನ್ನೂ, ಮರಳು ಬಣ್ಣದ ಇಸಬೆಲಿನ್ ಕಳಿಂಗವನ್ನೂ ಸೇರಿಸಿ ಒಂದೇ ಪ್ರಭೇದ ಎಂದು ಎಣಿಸಿದ್ದರು. ಹಾಗಿರುವಾಗ ದುರ್ಬೀನಿನ ಗಾಜಿನಲ್ಲಿ ಐದು ನಿಮಿಷ ನೋಡಿದ ನನ್ನಂಥವನು ಬಣ್ಣ ನಂಬಿ ತೀರ್ಪು ಕೊಟ್ಟದ್ದು ದುಡುಕು.

ಆ ಹುಡುಗಿ ತೋರಿಸಿದ್ದು ಹೀಗೆ. ರೆಕ್ಕೆ ಮಡಿಸಿ ಕೂತ ಹಕ್ಕಿಯನ್ನು ಪಕ್ಕದಿಂದ ನೋಡಬೇಕು. ಒಳಗಿನ ಗರಿಗಳ ತುದಿಯಾಚೆ, ಬಾಲದ ಕಡೆಗೆ, ಉದ್ದನೆಯ ಹಾರುಗರಿಗಳ ಕಟ್ಟು ಚಾಚಿಕೊಂಡಿರುತ್ತದೆ. ಕೆಂಬೆನ್ನಿನದರಲ್ಲಿ ಈ ಚಾಚು ಉದ್ದ, ಹೆಚ್ಚುಕಡಿಮೆ ಒಳಗರಿಗಳಷ್ಟೇ ಉದ್ದ. ಕಂದು ಕಳಿಂಗದಲ್ಲಿ ಅದು ಎದ್ದು ಕಾಣುವಷ್ಟು ಗಿಡ್ಡ. ಬಾಲದ್ದು ತಲೆಕೆಳಗು: ಕಂದು ಕಳಿಂಗದ ಬಾಲ ಉದ್ದ, ಗರಿ ಕಿರಿದು, ಹೊರಗಿನ ಗರಿಗಳು ನಡುವಿನವಕ್ಕಿಂತ ಸ್ಪಷ್ಟವಾಗಿ ಮೋಟು, ಮೆಟ್ಟಿಲಿನಂತೆ. ಕೆಂಬೆನ್ನಿನದರ ಬಾಲ ಅಷ್ಟು ಉದ್ದವಿಲ್ಲ, ಮೆಟ್ಟಿಲೂ ಅಷ್ಟಿಲ್ಲ, ಹೊರಗರಿಗೆ ಬಿಳಿ ಅಂಚು. ಕಂದು ಕಳಿಂಗದ ಕೊಕ್ಕು ದಪ್ಪ. ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ರೆಕ್ಕೆಯ ಚಾಚು ಗಿಡ್ಡ. ಬಾಲ ಉದ್ದ, ಮೆಟ್ಟಿಲು ಮೆಟ್ಟಿಲು. ಕೊಕ್ಕು ದಪ್ಪ. ಮೊದಲ ವರ್ಷದ ಕಂದು ಕಳಿಂಗ. ನಮ್ಮ ಮೇಲುಸೀಮೆಯ ಸದಸ್ಯರ ಕಾಫಿ ಕಣದಲ್ಲಿ ವರ್ಷವೂ ಕಾಣುವಂಥದ್ದು.

ಒಮ್ಮೆಗೆ ಮನಸ್ಸು ಸಪ್ಪಗಾಯಿತು. ಆಮೇಲೆ ಯೋಚಿಸಿದೆ: ಆ ಮರಿ ದಾರಿ ತಪ್ಪಿರಲಿಲ್ಲ, ಹುಟ್ಟಿದ ಮೂರು ನಾಲ್ಕು ತಿಂಗಳಲ್ಲಿ, ಒಂಟಿಯಾಗಿ, ಕತ್ತಲಲ್ಲಿ ಹಾರಿ, ತಾನು ಬರಬೇಕಾದ ನಾಡಿಗೇ ಬಂದಿತ್ತು.

ನೆತ್ತಿ ಬೂದಾಗಿರುವ ಕಂದು ಕಳಿಂಗವೂ ಒಂದುಂಟು ಎಂಬುದನ್ನು ಇಲ್ಲೇ ಸೇರಿಸುತ್ತೇನೆ. ಫಿಲಿಪ್ಪೀನ್ಸ್ ಕಡೆ ಚಳಿಗಾಲ ಕಳೆಯುವ ಉಪಜಾತಿ ಅದು. ನಮ್ಮ ಕಡೆ ಅಪರೂಪ. ಅದನ್ನು ನೋಡಿಯೂ ಕೆಂಬೆನ್ನಿನದೆಂದು ಮೋಸ ಹೋಗಬಹುದು.

ಮಂಗನ ಕಾಯಿಲೆಯಿಂದ ಬಳೆಯವರೆಗೆ

ಬರೀ ಹವ್ಯಾಸದ ಮಾತಿಗೆ ಇಷ್ಟು ಪುಟ ಯಾಕೆಂದು ಕೇಳುವವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಮಲೆನಾಡಿನ ಅಡಿಕೆಯವರಿಗೆ ಇದು ಕಥೆಯಲ್ಲ, ಮನೆಯ ವಿಚಾರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಹಿಂದೆಯೇ ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ ಎಂದು ನಾವು ಕರೆಯುವ ಕ್ಯಾಸನೂರು ಕಾಡಿನ ಕಾಯಿಲೆ ಅದೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪತ್ತೆ ಮಾಡಿದ ವೈರಸ್ಸು ರಷ್ಯದ, ಸೈಬೀರಿಯದ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸುಗಳ ಗುಂಪಿಗೆ ಸೇರಿತ್ತು. ಸೈಬೀರಿಯದ ರೋಗದ ದಾಯಾದಿ ಸೊರಬದ ಕಾಡಿಗೆ ಹೇಗೆ ಬಂತು? ಚಳಿಗಾಲಕ್ಕೆ ಅಲ್ಲಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಯೇ ಹೊತ್ತು ತಂದಿರಬಹುದೇ? ಆಗ ಅನುಮಾನ ಬಿದ್ದದ್ದು ಕಂದು ಕಳಿಂಗದಂಥ ನಮ್ಮ ತೋಟದ ವಾರ್ಷಿಕ ಅತಿಥಿಗಳ ಮೇಲೆ.

ಈ ಅನುಮಾನವನ್ನು ಪರೀಕ್ಷಿಸಬೇಕಾದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲು ತಿಳಿಯಬೇಕಿತ್ತು. 1959ರಲ್ಲಿ ಡಾ. ಸಲೀಂ ಅಲಿಯವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು, ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಅಂಕಿ ಕೊರೆದ ಬಳೆ ತೊಡಿಸಿ ಬಿಡುವ ದೊಡ್ಡ ಯೋಜನೆ ಆರಂಭಿಸಿತು. ರೋಗವನ್ನು ಹಕ್ಕಿಗಳು ತಂದವೆಂಬುದಕ್ಕೆ ಆಧಾರ ಸಿಗಲಿಲ್ಲ. ಆದರೆ ಭಾರತದ ವಲಸೆ ಹಕ್ಕಿಗಳ ಬಗ್ಗೆ ನಮಗಿರುವ ತಿಳಿವಳಿಕೆಗೆ ಆ ಬಳೆಗಳು ದೊಡ್ಡ ಅಡಿಪಾಯ ಹಾಕಿದವು. ಸಲೀಂ ಅಲಿಯವರಿಗೆ ನಮ್ಮ ಸೀಮೆ ಹೊಸದಲ್ಲ. 1939-40ರಲ್ಲಿ ಅವರು ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ಹರಿಹರ ಆಗ ಆ ಸಂಸ್ಥಾನದ ಅಂಚಿನ ಊರು. ತುಂಗಭದ್ರೆಯ ಸೇತುವೆ ದಾಟಿದರೆ ಮುಂಬಯಿ ಪ್ರಾಂತ್ಯ.

ಈಗ ಯೋಚಿಸಿ. ಯಾವನೋ ಒಬ್ಬ ಆಗ, ನಾನು ಮಾಡಿದ ಹಾಗೆ, ಆಫ್ರಿಕಕ್ಕೆ ಹೋಗುವ ಹಕ್ಕಿಯನ್ನೂ ಸೈಬೀರಿಯದಿಂದ ಬರುವ ಹಕ್ಕಿಯನ್ನೂ ಅದಲುಬದಲು ಬರೆದಿದ್ದರೆ ಏನಾಗುತ್ತಿತ್ತು? ರೋಗದ ಜಾಡು ಹಿಡಿದವರು ಇನ್ನೊಂದು ಖಂಡದಲ್ಲಿ ಹುಡುಕಬೇಕಾಗುತ್ತಿತ್ತು. ಒಂದು ಸುಳ್ಳು ದಾಖಲೆ ಒಂದು ಸಲ ಅಚ್ಚಾದರೆ, ಅದನ್ನು ನೋಡಿ ಇನ್ನೊಬ್ಬ ಬರೆಯುತ್ತಾನೆ, ಅವನನ್ನು ನೋಡಿ ಮತ್ತೊಬ್ಬ. ಹತ್ತು ವರ್ಷದ ಮೇಲೆ "ದಾವಣಗೆರೆ ಭಾಗದಲ್ಲಿ ಆಗಾಗ್ಗೆ ಕಾಣುತ್ತದೆ" ಎಂಬ ಮಾತು ನಿಂತುಬಿಡುತ್ತದೆ. ಹಿಂದಿನವರು ಇದಕ್ಕಾಗಿ ಹಕ್ಕಿಯನ್ನು ಕೊಂದು ತೊಗಲು ತೆಗೆದು ಸಂಗ್ರಹಾಲಯಕ್ಕೆ ಕೊಡುತ್ತಿದ್ದರು, ತೊಗಲೇ ವೋಚರು. ಈಗ ಸ್ಪಷ್ಟವಾದ ಚಿತ್ರ, ತಾರೀಕು, ಜಾಗ ಇವು ಸಾಕು. ಇ-ಬರ್ಡ್ ಎಂಬ ಸಾರ್ವಜನಿಕ ದಾಖಲೆಗೆ ಯಾರಾದರೂ ಆ ಕಾಲಕ್ಕೆ, ಆ ಜಾಗಕ್ಕೆ ಒಗ್ಗದ ಹಕ್ಕಿಯ ಹೆಸರು ಸೇರಿಸಿದರೆ ಪರಿಶೀಲಕರು ಪುರಾವೆ ಕೇಳುತ್ತಾರೆ. ಆಡಿಟರ್ ಬಂದಾಗ ನಮಗೆ ಸಿಟ್ಟು ಬರುವುದು ಸಹಜ. ಆದರೆ ಆಡಿಟ್ ಇಲ್ಲದ ಸಂಘದಲ್ಲಿ ಯಾರು ಠೇವಣಿ ಇಡುತ್ತಾರೆ?

ಬೇಲಿಯ ವಿಚಾರ

ಕಳಿಂಗಗಳು ಕಾಫಿಯ ಬಿಳಿ ಕಾಂಡಕೊರಕವನ್ನು ತಿಂದು ನಿರ್ಮೂಲ ಮಾಡುತ್ತವೆಂದು ನಾನು ಹೇಳಿದರೆ ಸದಸ್ಯರಿಗೆ ಸಂತೋಷವಾದೀತು. ಆದರೆ ಇನ್ನೊಂದು ತಿದ್ದುಪಡಿ ಬರೆಯುವ ಇಚ್ಛೆ ನನಗಿಲ್ಲ. ಎತ್ತರದ ಕೊಂಬೆಯಿಂದ ನೆಲ ನೋಡುತ್ತ ಕೂತು, ಮಿಡತೆ, ದುಂಬಿ, ಚಿಟ್ಟೆಹುಳುಗಳ ಮೇಲೆರಗುವುದು ಅವುಗಳ ಕಸುಬು. ಕಾಂಡಕೊರಕಕ್ಕೆ ನೆರಳು ನಿರ್ವಹಣೆ, ರೋಗ ಹಿಡಿದ ಗಿಡ ಕಿತ್ತು ಸುಡುವುದು, ಕಾಂಡ ಉಜ್ಜುವುದು, ಇವನ್ನು ನಾವೇ ಮಾಡಬೇಕು. ಹಕ್ಕಿ ನಮ್ಮ ಆಳಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಕೆಂಬೆನ್ನಿನ ಕಳಿಂಗ ಒಂದು ಕಾಲಕ್ಕೆ ಹಳ್ಳಿಹಳ್ಳಿಯ ಬೇಲಿಯಲ್ಲಿ ಗೂಡು ಕಟ್ಟುತ್ತಿತ್ತು. ಪೊದೆ, ಹುಲ್ಲುಗಾವಲು ಹೋದವು. ದೊಡ್ಡ ಹುಳುಗಳು ಕಡಿಮೆಯಾದವು. ಅಪರೂಪವಾದ ಮೇಲೆ ಮೊಟ್ಟೆ ಕದಿಯುವ ಹವ್ಯಾಸದವರ ಕಾಟವೂ ಸೇರಿತು. 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಅದು ನಿಯಮಿತವಾಗಿ ಗೂಡು ಕಟ್ಟುವುದೇ ನಿಂತಿತು. ರಿಜಿಸ್ಟರಿನಲ್ಲಿದ್ದ ಸದಸ್ಯ ದಾರಿಹೋಕನಾದ, ಹಕ್ಕಿ ದಾರಿ ತಪ್ಪದೆಯೇ!

ನಮ್ಮ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ತೋಟವಾದ ಕೂಡಲೇ ಹಳೆಯ ಜಾಲಿ, ಕಾರೆ ಬೇಲಿ ಕಿತ್ತು, ಕಲ್ಲುಕಂಬ ನೆಟ್ಟು ತಂತಿ ಎಳೆಯುತ್ತೇವೆ. ನಾನೂ ಎಳೆದಿದ್ದೇನೆ. ದನ ಬರುವುದಿಲ್ಲ, ಜಾಗ ಉಳಿಯುತ್ತದೆ, ನಿಜ. ಕಂದು ಕಳಿಂಗ ತಂತಿಯ ಮೇಲೂ ಕೂತೀತು. ಆದರೆ ಕಿರುಕಳಿಂಗ ಇಲ್ಲಿಯೇ ಗೂಡು ಕಟ್ಟಬೇಕಾದ ಹಕ್ಕಿ. ತಂತಿಯಲ್ಲಿ ಗೂಡು ಕಟ್ಟಲಾಗದು. ಒಂದು ಮೂಲೆಯಲ್ಲಿ, ಬಾವಿಯ ಬಳಿಯೋ ಹಳ್ಳದ ದಂಡೆಯಲ್ಲೋ, ನಾಲ್ಕು ಮುಳ್ಳುಗಿಡ ಬಿಟ್ಟರೆ ಎಕರೆಗೆ ಎಷ್ಟು ಅಡಿಕೆ ಕಡಿಮೆಯಾದೀತು ಎಂದು ಸದಸ್ಯರೇ ಲೆಕ್ಕ ಹಾಕಿ ನೋಡಲಿ. ಹರಿಹರದ ನಮ್ಮ ಆ ಸದಸ್ಯರು ಈ ವರ್ಷ ತಂತಿ ಹಾಕಿಸಬೇಕೆಂದು ಕಂಬಗಳಿಗೆ ಮುಂಗಡ ಕೊಟ್ಟಿದ್ದರಂತೆ. ಹಕ್ಕಿ ಅಪರೂಪದ್ದೆಂದು ನಾನು ಹೇಳಿದ್ದರಿಂದ ಆ ಪಕ್ಕದ ಬೇಲಿ ಹಾಗೆಯೇ ಬಿಟ್ಟರು. ಅಲ್ಲವೆಂದು ತಿಳಿಸಲು ಮೊನ್ನೆ ಫೋನು ಮಾಡಿದೆ. "ಇರ್ಲಿ ಬಿಡ್ರಿ, ಸೈಬೀರಿಯ ಏನು ಸಮೀಪ ಐತೇನ್ರಿ? ಏಪ್ರಿಲ್ ತನಕ ಇರ್ತೈತಿ ಅಂದ್ರಲ್ಲ, ಅಲ್ಲೀತನಕ ಬೇಲಿ ಇರ್ತೈತಿ" ಎಂದರು. ಏಪ್ರಿಲ್ ಆದ ಮೇಲೆ ಏನೆಂದು ನಾನು ಕೇಳಲಿಲ್ಲ.

ಕಚೇರಿಯಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಮುಂದಿನ ಸೆಪ್ಟೆಂಬರಿನಲ್ಲಿ ತಮ್ಮ ತೋಟದಲ್ಲಿ ಕಂದು ಕಳಿಂಗದ ದನಿ ಮೊದಲು ಕೇಳಿದ ದಿನವನ್ನು, ಊರಿನ ಹೆಸರಿನೊಂದಿಗೆ, ಸದಸ್ಯರು ಅದರಲ್ಲಿ ಬರೆಸಬಹುದು. ಏಪ್ರಿಲಿನಲ್ಲಿ ಕೊನೆಯ ಸಲ ಕಂಡ ದಿನವನ್ನೂ ಬರೆಸಿ. ವಿಚಿತ್ರವಾದದ್ದು ಕಂಡರೆ ಪಕ್ಕದಿಂದ, ರೆಕ್ಕೆ ಬಾಲ ಎರಡೂ ಕಾಣುವಂತೆ ಚಿತ್ರ ತೆಗೆದು ತನ್ನಿ. ಆ ಹುಡುಗಿ ಶನಿವಾರ ಮಧ್ಯಾಹ್ನ ಕಚೇರಿಗೆ ಬಂದು ನೋಡಿಕೊಡಲು ಒಪ್ಪಿದ್ದಾಳೆ. ಪುಸ್ತಕದ ಮೊದಲ ಪುಟದಲ್ಲಿ ನನ್ನ ಹಳೆಯ ನಮೂದು ಇದೆ. ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ "ಕಂದು ಕಳಿಂಗ, ಮೊದಲ ವರ್ಷದ ಮರಿ, ಹರಿಹರ" ಎಂದು ಬರೆದು ರುಜು ಹಾಕಿದ್ದೇನೆ.

ಕಾರ್ಯದರ್ಶಿ